ಗ್ಯಾಸ್ ಬ್ಯಾಡ, ಮೊದಲ ಗೇಜ್ ಹಚ್ಚಪಾ

ಗಾಡಿ ಎಸಿ ಥಂಡ ಆಗ್ಲಿಲ್ಲಂದ್ರ ನಮ್ಮ ಕಡೆ ಒಂದ ಔಷಧ: "ಗ್ಯಾಸ್ ಹಾಕ್ಸಿಬಿಡ್ರಿ." ಜ್ವರಕ್ಕೂ ಅದ, ಹೊಟ್ಟಿನೋವಿಗೂ ಅದ ಗುಳಗಿ ಕೊಡೂ ಡಾಕ್ಟರ್ ಹತ್ರ ನಾವು ಎರಡನೇ ಸಲ ಹೋಗ್ತೇವೇನು? ಗ್ಯಾರೇಜಿಗೆ ಮಾತ್ರ ವರ್ಷಾ ಹೋಗಿ ರೊಕ್ಕಾ ಕೊಟ್ಟು ಬರ್ತೇವಿ. ಈ ಚಟಾ ಬಿಡೂಣು ಅಂತ ಇವತ್ತ ಬರೀಲಿಕ್ಹತ್ತೀನಿ.

ನಮ್ಮದು 14 ವರ್ಷದ ಡಬಲ್ ಕ್ಯಾಬಿನ್ ಪಿಕಪ್. ಹಿಂದ ಹೊಲದ ಮಾಲು, ಒಳಗ ಮನಿ ಮಂದಿ. ಅತ್ತಿಯವರನ್ನ ವಾರಕ್ಕ ಎರಡ ಸಲ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಕರ್ಕೊಂಡು ಹೋಗೂದೂ ಇದರಾಗ. ಹಂಗಾಗಿ ಎಸಿ ನಮಗ ಶೋಕಿ ಅಲ್ಲ. ಹೋದ ಎರಡೂ ಬ್ಯಾಸಗಿಗೆ 2,500 ಕೊಟ್ಟು ಗ್ಯಾಸ್ ಹಾಕ್ಸಿದ್ವಿ. ಎರಡೂ ಸಲ ಸ್ವಲ್ಪ ದಿನಕ್ಕ ಮಳಿ ಹಿಡಕೊಂಡು ಹವಾ ಥಂಡಗಾತು. ನಾವು ಶಾಣ್ಯಾರು, ಗ್ಯಾಸಿನ ಪುಣ್ಯ ಅಂದ್ವಿ. ಈ ವರ್ಷ ಅದ ಗ್ಯಾರೇಜಿನವ, "ಕಂಪ್ರೆಸರ್ ಹೋಗೇದ, 22,000 ಆಗ್ತದ" ಅಂದ.

ಒಂದ್ ಮಾತು ತಿಳಕೋರಿ. ಅಡಗಿ ಸಿಲಿಂಡರಿನ ಗ್ಯಾಸ್ ಉರದು ಖರ್ಚಾಗ್ತದ. ಎಸಿ ಗ್ಯಾಸ್ ಉರಿಯೂದಿಲ್ಲ, ಮುಚ್ಚಿದ ಪೈಪಿನಾಗ ಸುತ್ತತದ ಅಷ್ಟ. ಕಂಪ್ರೆಸರ್ ಅದನ್ನ ಒತ್ತತದ. ಗಾಡಿ ಮುಂದಿನ ಕಂಡೆನ್ಸರಿನಾಗ ಅದು ಕಾವು ಹೊರಗ ಬಿಟ್ಟು ನೀರಿನಂಗ ಆಗ್ತದ. ಡ್ಯಾಶ್‌ಬೋರ್ಡಿನ ಒಳಗ ಮತ್ತ ಗ್ಯಾಸಾಗಿ ಸೆಕಿ ಹೀರ್ತದ. ಮನ್ಯಾಗಿನ ಫ್ರಿಜ್ಜೂ ಇದ ರೀತಿ. ನಿಮ್ಮ ಫ್ರಿಜ್ಜಿಗೆ ವರ್ಷಾ ಗ್ಯಾಸ್ ಹಾಕ್ಸ್ತೀರೇನ್ರಿ? ಗಾಡಿ ಪೈಪು ರಬ್ಬರಿನವು, ಕುಲುಕಾಡ್ತಾವ, ಹತ್ತು ವರ್ಷದಾಗ ಸ್ವಲ್ಪ ಹೋಗೂದು ಖರೆ. ಆದ್ರ ವರ್ಷಾ ಕಡಿಮಿ ಆಗ್ತದಂದ್ರ ಎಲ್ಲೋ ಸೋರ್ಲಿಕ್ಹತ್ತದ, ಅದನ್ನ ಮುಚ್ಚಬೇಕು. ಕಡಿಮಿ ಆಗಿಲ್ಲಂದ್ರ ಮತ್ತ ತುಂಬೂದ ತಪ್ಪು. ಹೆಂಗ್ ನೋಡಿದ್ರೂ "ಸುಮ್ನ ಗ್ಯಾಸ್ ಹಾಕ್ಸ್ರಿ" ಅನ್ನೂದಕ್ಕ ಅರ್ಥ ಇಲ್ಲ.

ನಮ್ಮ ಗಾಡಿ ಹೈವೇದಾಗ ಓಡ್ತಿದ್ರ ಥಂಡ ಇರ್ತಿತ್ತು. ಚೆನ್ನಮ್ಮ ಸರ್ಕಲ್ಲಿನ ಗರ್ದ್ಯಾಗ ನಿಂತ್ರ ಒಲಿ ಮುಂದ ಕೂತಂಗ. ಇದನ್ನ ನಾ ಹೇಳಿದ್ರ ಆ ಮನಷ್ಯಾ ನಮ್ಮನಿಯವರ ಕಡೆ ತಿರುಗಿ, "ಅಕ್ಕಾರಿಗೆ ಇದೆಲ್ಲ ತಿಳ್ಯೂದಿಲ್ರಿ" ಅಂದು ನಕ್ಕ. ನಮ್ಮವರೂ ನಕ್ಕರು. ಅವತ್ತಿನ ಸಿಟ್ಟು ಇನ್ನೂ ಆರಿಲ್ಲ. ಯಾಕಂದ್ರ ಉತ್ತರ ಆ ಮಾತಿನಾಗನ ಇತ್ತು. ಕಂಪ್ರೆಸರ್ ಸತ್ತಿದ್ರ ಹೈವೇದಾಗ ಹೆಂಗ ಥಂಡ ಆಗ್ತದ? ಓಡೂ ಮುಂದ ಗಾಳಿ ತಾನ ಕಂಡೆನ್ಸರಿಗೆ ಬಡೀತದ. ನಿಂತಾಗ ಫ್ಯಾನ್ ಬೀಸಬೇಕು.

ಮನಿಗೆ ಬಂದು ಗಾಡಿ ಚಾಲೂ ಇಟ್ಟು, ಎಸಿ ಹಚ್ಚಿ, ಮುಂದಿನ ಜಾಳಗಿಗೆ ಹೊರಗಿಂದ ಎರಡ ತಂಬಗಿ ನೀರು ಗೊಜ್ಜಿದೆ. ಒಳಗ ಕೂತ ಅತ್ತಿಯವರು, "ಥಂಡ ಬಂತ ನೋಡವ್ವಾ!" ಅಂದ್ರು. ಕಂಡೆನ್ಸರಿನ ತುಂಬ ಜ್ವಾಳದ ಹೊಟ್ಟು, ಧೂಳು. ಅದರ ಫ್ಯಾನು ತಿರಗ್ತಾನ ಇದ್ದಿಲ್ಲ. (ಬಾನೆಟ್ಟಿನಾಗ ಕೈ ಮಾತ್ರ ಹಾಕಬ್ಯಾಡ್ರಿ, ಫ್ಯಾನು ಯಾವಾಗ ಬೇಕಾದಾಗ ತಿರಗತದ.)

ಇನ್ನೊಬ್ಬವನ ಹತ್ರ ಒಯ್ದು, "ಗ್ಯಾಸ್ ಬ್ಯಾಡ, ಮೊದಲ ಗೇಜ್ ಹಚ್ಚಪಾ" ಅಂದೆ. ನೀಲಿ ಗೇಜು, ಕೆಂಪು ಗೇಜು ಎರಡೂ ಮ್ಯಾಲೆ ಹೋಗಿದ್ವು. ಅಂದ್ರ ಗ್ಯಾಸ್ ಕಡಿಮಿ ಇರಲಿಲ್ಲ, ಹೆಚ್ಚಾಗಿತ್ತು! ಫ್ಯಾನಿನ ಮೋಟಾರ್ ಬದಲಿಸಿ, ಕಂಡೆನ್ಸರ್ ತೊಳದು, ಗ್ಯಾಸ್ ಪೂರ್ತಿ ತಗದು ತೂಕ ಮಾಡಿ ಹಾಕಿದ. 4,600 ಆತು. ಅದ ಹಳೇ ಕಂಪ್ರೆಸರ್ ಇವತ್ತಿಗೂ ನಡೀಲಿಕ್ಹತ್ತದ.

ಅದಕ್ಕ ವೈನಿ, ಅಕ್ಕಾ, ಬಾಜೂ ಮನಿ ಕಾಕು, ರೊಕ್ಕ ಬಿಚ್ಚೂಕಿಂತ ಮೊದಲ ಮೂರು ಮಾತು ಕೇಳ್ರಿ. ಗೇಜಿನಾಗ ಏನ್ ಬಂತು? ಎರಡೂ ಕೆಳಗಿದ್ರ ಗ್ಯಾಸ್ ಕಡಿಮಿ ಇರಬಹುದು. ಕೆಂಪು ಏರದ, ನೀಲಿ ಇಳೀದ ಇದ್ರ ಆವಾಗ ಕಂಪ್ರೆಸರ್ ಮ್ಯಾಲೆ ಸಂಶಯ. ಸೋರಿದ್ರ ಎಲ್ಲೆ? ಗ್ಯಾಸಿನ ಜೋಡಿ ಎಣ್ಣಿನೂ ಓಡಾಡತದ, ಸೋರೂ ಜಾಗಾದಾಗ ಜಿಡ್ಡು ಕಾಣತದ. ಎಷ್ಟು ಗ್ರಾಂ ಹಾಕಿದಿ? ಬಂಗಾರ ತೂಕ ಮಾಡಿಸಿ ತಗೋಳೂ ನಾವು ಗ್ಯಾಸ್ ಯಾಕ ಕಣ್ಣಳತೀಲೆ ಹಾಕ್ಸಬೇಕು?

ಎಲ್ಲಾ ಮೆಕ್ಯಾನಿಕ್ಕುಗೋಳು ಕಳ್ಳರಲ್ಲ. ಆದ್ರ ಕೇಳದವರಿಗೆ ಯಾರೂ ತೋರಿಸೂದಿಲ್ಲ. ಮೆಂತೆ ಸೂಡಿಗೆ ಎರಡ ರೂಪಾಯಿ ಚೌಕಾಶಿ ಮಾಡೂ ಬಾಯಿ ಗ್ಯಾರೇಜಿನಾಗ ಯಾಕ ಮುಚ್ಚತದ? ತಿಳ್ಯೂದಿಲ್ಲಂತ ನಕ್ರ ನಗ್ಲಿ. ಗಾಡ್ಯಾಗ ಬೆವರೂದು ನಾವು, ರೊಕ್ಕ ಉಳಿಸಿ ಇಡೂದೂ ನಾವು. ಕೇಳೂ ಹಕ್ಕೂ ನಮ್ಮದ.