ಬ್ಯಾಟರಿಗೆ ದುಡ್ಡು ಕಳಿಸೋ ಮುಂಚೆ

ಬೊಬ್ಲಿಂಗೆನ್‌ನ ನಮ್ಮ ಗೆಳೆಯರೊಬ್ಬರು ಊರಿಗೆ ಮೂರನೇ ಬ್ಯಾಟರಿಗೆ ದುಡ್ಡು ಕಳಿಸೋಕೆ ಹೊರಟಿದ್ದರು. ರಾಣೆಬೆನ್ನೂರು ಕಡೆಯವರು, ಮನೆಯಲ್ಲಿ ಅಪ್ಪನ ಕಾಲದ ಡೈನಮೊ ಟ್ರ್ಯಾಕ್ಟರು. ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಹಾಳು. ನೀರು ಎಷ್ಟು ಹಾಕಿದ್ರೂ ಆರ್ತದೆ, ಹೆಡ್‌ಲೈಟ್ ಬಲ್ಬೂ ಸುಡ್ತಾವೆ ಅಂತ ತಮ್ಮನ ಫೋನು. ಮುಂಗಾರು ಬಿತ್ತನೆ ಹತ್ತಿರ ಬಂದಿತ್ತು.

ಇದು ಬ್ಯಾಟರಿಯ ತಪ್ಪಲ್ಲ, ಚಾರ್ಜ್ ಅತಿಯಾದ ಲಕ್ಷಣ. ಅದನ್ನು ಹಿಡಿತದಲ್ಲಿಡೋದು ವೋಲ್ಟೇಜ್ ರೆಗ್ಯುಲೇಟರ್. ಊರಲ್ಲಿ ಕಟೌಟ್ ಅಂತೀವಿ (ಥಿಯೇಟರ್ ಮುಂದಿಂದಲ್ಲ!). ಡೈನಮೊ ವೋಲ್ಟೇಜು ಏರಿದಾಗ ಒಳಗಿನ ಕಾಯಿಲ್ ಪಾಯಿಂಟನ್ನು ಎಳೆದು ತಗ್ಗಿಸುತ್ತೆ. ಎಂಜಿನ್ ನಿಂತಾಗ ಇನ್ನೊಂದು ಕಾಯಿಲ್ ಸಂಪರ್ಕ ಬಿಡಿಸಿ, ಬ್ಯಾಟರಿ ಕರೆಂಟು ಡೈನಮೊಗೆ ವಾಪಸ್ ಹರಿಯದಂತೆ ತಡೆಯುತ್ತೆ.

ತಮ್ಮನಿಗೆ ಮಲ್ಟಿಮೀಟರ್ ಹಿಡಿಸಿದೆವು. ಡಿ.ಸಿ. 20ಕ್ಕೆ ತಿರುಗಿಸಿ, ಕೆಂಪು ವೈರು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. 12 ವೋಲ್ಟ್ ಬ್ಯಾಟರಿ ಫುಲ್ ಚಾರ್ಜಾಗಿ ಸುಮ್ಮನಿದ್ದಾಗ 12.6ರ ಆಸುಪಾಸು ಇರಬೇಕು. ಎಂಜಿನ್ ಅರ್ಧ ರೇಸಲ್ಲಿದ್ದಾಗ 13.8ರಿಂದ 14.4. ಮೊದಲಿನಷ್ಟೇ ನಿಂತರೆ ಚಾರ್ಜ್ ಆಗ್ತಿಲ್ಲ ಅಂತ ಅರ್ಥ. 15 ದಾಟಿದರೆ ಬ್ಯಾಟರಿ ಕುದೀತಿದೆ. ಅವರ ಮೀಟರ್ ತೋರಿಸಿದ್ದು 16.2. ಪಕ್ಕದಲ್ಲೇ ಚಿಕ್ಕಪ್ಪ ಬೀಡಿ ಹಚ್ಚಿಕೊಂಡು ನಿಂತಿದ್ದರು, ದೂರ ಕಳಿಸಿದೆವು. ಕುದಿಯೋ ಬ್ಯಾಟರಿಯಿಂದ ಬರೋದು ಹೈಡ್ರೋಜನ್, ಕಿಡಿ ತಾಗಿದ್ರೆ ಸಿಡೀತದೆ.

ಆಮೇಲೆ ಗೊತ್ತಾಯ್ತು: ಹೋದ ವರ್ಷ ಆಯುಧಪೂಜೆಗೆ ಟ್ರ್ಯಾಕ್ಟರಿಗೆ ಬಣ್ಣ ಹೊಡೆಸಿದ್ದರು. ಕಟೌಟ್ ಬಿಚ್ಚಿ, ಅಡಿಗೂ ಬಣ್ಣ ಬಳಿದು, ಮೇಲೆ ಕೂರಿಸಿಬಿಟ್ಟಿದ್ದರು. ಆ ಡಬ್ಬಿಗೆ ಅರ್ತ್ ಸಿಗೋದೇ ಮೈಯಿಂದ. ಅರ್ತ್ ಇಲ್ಲದಿದ್ರೆ ವೋಲ್ಟೇಜ್ ಏರಿದ್ದು ಅದಕ್ಕೆ ತಿಳಿಯೋದಿಲ್ಲ, ಡೈನಮೊ ಬಿಟ್ಟ ಎತ್ತಿನಂತೆ ಓಡುತ್ತೆ. ಬೋಲ್ಟಿನ ಅಡಿ ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಬಿಗಿದ ಮೇಲೆ ಮೀಟರ್ 14.1ಕ್ಕೆ ಇಳೀತು. ಖರ್ಚು? ಸ್ಯಾಂಡ್‌ಪೇಪರ್ ಒಂದು ಹಾಳೆ.

ಕಟೌಟೇ ಕೆಟ್ಟಿದ್ದರೆ? ಸ್ಟುಟ್‌ಗಾರ್ಟ್ ಬಾಷ್ ಕಂಪನಿಯ ಊರು. 1886ರಲ್ಲಿ ಅದು ಶುರುವಾಗಿದ್ದೇ ಇಲ್ಲಿ. ಬೆಂಗಳೂರಿನ ಮೈಕೋ ಅದರದೇ ಕುಡಿ. ಇಲ್ಲಿ ಹಳೇ ಗಾಡಿಗಳ ಬಿಡಿಭಾಗ ಮಾರುವವರ ಹತ್ತಿರ 'ರೆಗ್ಲರ್' ಅಂತ ಕೇಳಿ. ಆದರೆ ಸೂಟ್‌ಕೇಸಿಗೆ ಹಾಕೋ ಮುಂಚೆ ಊರಿಂದ ಹಳೇ ಡಬ್ಬಿ, ಡೈನಮೊ ಎರಡರ ಫೋಟೋ ತರಿಸಿಕೊಳ್ಳಿ: 6 ವೋಲ್ಟೋ 12 ವೋಲ್ಟೋ, ಎಷ್ಟು ಆಂಪಿಯರು, ಬಾಡಿಗೆ ಮೈನಸ್ಸೋ ಪ್ಲಸ್ಸೋ. ಕೆಲವು ಹಳೇ ಟ್ರ್ಯಾಕ್ಟರುಗಳಲ್ಲಿ ಪ್ಲಸ್ಸೇ ಅರ್ತ್ ಆಗಿರ್ತದೆ.