ಡೆಸ್ಕ್ ಫೋನಿನ ಖಾಲಿ ಬಟನ್‌ಗಳು

ಹೊಸ ಕೆಲಸಕ್ಕೆ ಸೇರಿದ ದಿನ ಲ್ಯಾಪ್‌ಟಾಪ್ ಕೊಡ್ತಾರೆ, ಐಡಿ ಕಾರ್ಡ್ ಕೊಡ್ತಾರೆ, ಕಾಫಿ ಮಷಿನ್ ಎಲ್ಲಿದೆ ಅಂತ ತೋರಿಸ್ತಾರೆ. ಟೇಬಲ್ ಮೇಲೆ ಕೂತಿರೋ ಫೋನಿನ ಬಗ್ಗೆ ಮಾತ್ರ ಯಾರೂ ಏನೂ ಹೇಳಲ್ಲ. ಎಕ್ಸ್‌ಟೆನ್ಷನ್ ನಂಬರ್ ಬರೆದ ಒಂದು ಚೀಟಿ ಅಂಟಿಸಿರ್ತಾರೆ, ಅಷ್ಟೇ. ರಿಂಗ್ ಆದ್ರೆ ಎತ್ತೋದು, ಮುಗಿದ್ರೆ ಇಡೋದು. ಉಳಿದ ಹೊತ್ತಲ್ಲಿ ಅದು ಸ್ಟಿಕ್ಕಿ ನೋಟ್ ಅಂಟಿಸೋಕೆ ಒಂದು ಗೋಡೆ. ಸ್ಕ್ರೀನ್ ಪಕ್ಕದಲ್ಲಿ ಸಾಲಾಗಿರೋ ಆರೋ ಎಂಟೋ ಬಟನ್‌ಗಳು ಹೆಸರಿಲ್ಲದೆ ಖಾಲಿ ಕೂತಿರುತ್ತವೆ.

ನಾನು ಆರು ವರ್ಷ ರಿಸೆಪ್ಷನ್‌ನಲ್ಲಿ ಕೂತು, ಈಗ ಅಡ್ಮಿನ್ ವಿಭಾಗಕ್ಕೆ ಬಂದವಳು. ನಿಮ್ಮ ಟೇಬಲ್‌ನಲ್ಲಿ ಯಾರೂ ಎತ್ತದ ಕರೆ ಕೊನೆಗೆ ಬಂದು ಬೀಳೋದು ರಿಸೆಪ್ಷನ್‌ನವರ ಕಿವಿಗೆ. 'ಬೆಳಗ್ಗೆಯಿಂದ ನಾಲ್ಕು ಸಲ ಮಾಡಿದೀನಿ ಮೇಡಂ' ಅನ್ನೋ ಮಾತು ದಿನಕ್ಕೆ ಎಷ್ಟು ಸಲ ಕೇಳಿದೀನೋ ಲೆಕ್ಕವಿಲ್ಲ. ಹಾಗಾಗಿ ಈ ಬಟನ್‌ಗಳ ಮೇಲೆ ನನಗೆ ಸ್ವಲ್ಪ ಜಾಸ್ತಿನೇ ಪ್ರೀತಿ.

'ಅಕ್ಕಾ, ಈಗ ಯಾರು ಡೆಸ್ಕ್ ಫೋನ್ ಬಳಸ್ತಾರೆ, ಎಲ್ಲ ವಾಟ್ಸಾಪ್‌ನಲ್ಲೇ ಅಲ್ವಾ?' ಅಂತ ನಮ್ಮ ಹುಡುಗರು ಕೇಳ್ತಾರೆ. ನಿಜ. ಆದ್ರೆ ಅದರ ಫಲ ಏನು ನೋಡಿ. ವೆಂಡರ್ ಹತ್ರ ನಿಮ್ಮ ಪರ್ಸನಲ್ ನಂಬರ್, ಕಸ್ಟಮರ್ ಹತ್ರ ನಿಮ್ಮ ಪರ್ಸನಲ್ ನಂಬರ್. ರಾತ್ರಿ ಒಂಬತ್ತೂವರೆಗೆ ಊಟದ ತಟ್ಟೆ ಮುಂದೆ ಕೂತಾಗ 'ಸರ್, ಒಂದೇ ನಿಮಿಷ' ಅಂತ ಕರೆ. ಸಂಜೆ ಆದ್ಮೇಲೆ ನಿಮ್ಮ ಜೊತೆ ಮನೆಗೆ ಬರದ ಫೋನು ಅಂದ್ರೆ ಡೆಸ್ಕ್ ಫೋನ್ ಒಂದೇ. ಅದನ್ನ ಸರಿಯಾಗಿ ಹೊಂದಿಸಿಟ್ಟು, ಹೊಸಬರಿಗೆಲ್ಲ ಆ ನಂಬರನ್ನೇ ಕೊಡೋ ಅಭ್ಯಾಸ ಮಾಡ್ಕೊಂಡ್ರೆ ಸಂಜೆ ನಿಮ್ಮದಾಗಿ ಉಳಿಯುತ್ತೆ. ಸರಿಯಾಗಿ ಹೊಂದಿಸದೇ ಕೊಟ್ರೆ ಕರೆ ಎಲ್ಲೋ ಕಳೆದುಹೋಗುತ್ತೆ, ಕೆಟ್ಟ ಹೆಸರು ನಿಮಗೇ.

ಕಳೆದುಹೋಗೋದು ಅಂದ್ರೆ ಹೇಗೆ ಅಂತೀರಾ? ನಾನು ಹಿಂದೆ ಇದ್ದ ಒಂದು ಆಫೀಸಲ್ಲಿ ಪ್ರೊಬೇಷನ್‌ನಲ್ಲಿದ್ದ ಒಬ್ಬ ಹುಡುಗ. ಡೀಲರ್‌ಗಳ ಜೊತೆ ಮಾತಾಡೋ ಕೆಲಸ. ಮೂರು ವಾರ ಕಳೆಯೋ ಹೊತ್ತಿಗೆ 'ಫೋನ್ ಮಾಡಿದ್ರೆ ತಿರುಗಿಯೂ ನೋಡಲ್ಲ' ಅಂತ ಮ್ಯಾನೇಜರ್ ಹತ್ರ ದೂರಿನ ಮೇಲೆ ದೂರು. ಅವನು 'ಸರ್, ನನಗೆ ಕರೆ ಬಂದೇ ಇಲ್ಲ' ಅಂತಾನೆ, ಇವರು ನಂಬಲ್ಲ. ಅವನು ಮಾಡೋ ಕರೆಗಳೆಲ್ಲ ಸಲೀಸಾಗಿ ಹೋಗ್ತಿದ್ದವು, ಹಾಗಾಗಿ ಫೋನ್ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನೋಡಿದ್ರೆ ಸ್ಕ್ರೀನ್ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಬಾಣದ ಗುರುತು. ಆ ಸೀಟಿನಲ್ಲಿ ಮೊದಲಿದ್ದವರು ಎಲ್ಲ ಕರೆಗಳನ್ನೂ ತಮ್ಮ ಮೊಬೈಲಿಗೆ ಫಾರ್ವರ್ಡ್ ಹಾಕಿ, ಹಾಗೇ ಬಿಟ್ಟು ಕೆಲಸ ಬಿಟ್ಟಿದ್ರು. ಡೀಲರ್‌ಗಳ ಕರೆ ಇವನ ಟೇಬಲ್‌ನಲ್ಲಿ ಒಂದು ಸಲವೂ ರಿಂಗಾಗದೆ ಅವರ ಜೇಬಿಗೆ ಹೋಗ್ತಿತ್ತು. ಅವರು ಗೊತ್ತಿಲ್ಲದ ನಂಬರು ಅಂತ ಕಟ್ ಮಾಡ್ತಿದ್ರು. ಸರಿಮಾಡೋಕೆ ಹಿಡಿದದ್ದು ಅರ್ಧ ನಿಮಿಷ. ಅಷ್ಟರಲ್ಲಿ ಹುಡುಗನ ಪ್ರೊಬೇಷನ್ ಒಂದು ತಿಂಗಳು ಮುಂದಕ್ಕೆ ಹೋಗಿಯಾಗಿತ್ತು.

ಅದಕ್ಕೇ ಹೊಸ ಸೀಟಿನಲ್ಲಿ ಕೂತ ತಕ್ಷಣ ಮಾಡಬೇಕಾದ್ದು ಒಂದಿದೆ: ನಿಮ್ಮ ಮೊಬೈಲಿಂದ ನಿಮ್ಮ ಡೆಸ್ಕ್ ನಂಬರಿಗೆ ಒಂದು ಕರೆ ಮಾಡಿ ನೋಡಿ. ಪಕ್ಕದವರಿಂದ ಎಕ್ಸ್‌ಟೆನ್ಷನ್‌ಗೂ ಒಂದು ಮಾಡಿಸಿ. ಎರಡೂ ರಿಂಗ್ ಆಯ್ತಾ? ಸರಿ, ಮುಂದಿನ ಕೆಲಸ.

ಫಾರ್ವರ್ಡ್‌ನಲ್ಲಿ ಮೂರು ಬಗೆ. ಎಲ್ಲ ಕರೆಗಳೂ ಬೇರೆ ಕಡೆ ಹೋಗೋದು ಒಂದು. ನೀವು ಮಾತಾಡ್ತಿದ್ದಾಗ ಮಾತ್ರ ಹೋಗೋದು ಇನ್ನೊಂದು. ಇಷ್ಟು ಹೊತ್ತು ರಿಂಗ್ ಆಗಿ ಎತ್ತದಿದ್ರೆ ಹೋಗೋದು ಮೂರನೇದು. ಮೊದಲನೇದು ಅಪಾಯದ ಬಟನ್ ಅಂತ ನನ್ನ ಅಭಿಪ್ರಾಯ. ರಜೆಗೆ ಹೋಗುವಾಗ ಸಹೋದ್ಯೋಗಿಗೆ ಹೇಳಿ, ಅವರ ಎಕ್ಸ್‌ಟೆನ್ಷನ್‌ಗೆ ಹಾಕಿ, ಬಂದ ದಿನವೇ ತೆಗೀರಿ. ನಿಮ್ಮ ಮೊಬೈಲಿಗಂತೂ ಬೇಡ. ಸಂಜೆ ಉಳಿಸ್ಕೊಳ್ಳೋಕೆ ಅಂತ ಡೆಸ್ಕ್ ನಂಬರ್ ಕೊಟ್ಟು ಅದನ್ನೇ ಜೇಬಿಗೆ ತಿರುಗಿಸಿದ್ರೆ ಏನು ಬಂತು? ದಿನಬಳಕೆಗೆ ಮೂರನೇದು ಒಳ್ಳೇದು. ಎಷ್ಟು ಸೆಕೆಂಡ್ ಇಡ್ಲಿ ಅಂತ ಕೇಳ್ತಾರೆ. ನಮ್ಮ ದೇಶದಲ್ಲಿ ಕರೆ ಮಾಡಿದವರಿಗೆ ಕೇಳಿಸೋ 'ಟ್ರಿಣ್ ಟ್ರಿಣ್' ಒಂದು ಸುತ್ತಿಗೆ ಮೂರು ಸೆಕೆಂಡ್: 0.4 ಸೆಕೆಂಡ್ ಸದ್ದು, 0.2 ಸುಮ್ಮನೆ, ಮತ್ತೆ 0.4 ಸದ್ದು, ಆಮೇಲೆ 2 ಸೆಕೆಂಡ್ ಸುಮ್ಮನೆ. 15 ಸೆಕೆಂಡ್ ಇಟ್ರೆ ಐದು ಸುತ್ತು. ಕಾಫಿ ಲೋಟ ಕೆಳಗಿಟ್ಟು ರಿಸೀವರ್ ಎತ್ತೋಕೆ ಅಷ್ಟು ಸಾಕು, ಆ ಕಡೆಯವರ ತಾಳ್ಮೆಗೂ ಅದು ಮಿತಿ.

ಈ ಸೌಲಭ್ಯಗಳಿಗೆ ಬಟನ್ ಇಲ್ಲದಿದ್ರೂ ಕೋಡ್ ಇರುತ್ತೆ. ಫ್ರೀಪಿಬಿಎಕ್ಸ್ ಅನ್ನೋ ಸಿಸ್ಟಮ್ ಇರೋ ಆಫೀಸುಗಳಲ್ಲಿ, ಐಟಿಯವರು ಬದಲಾಯಿಸಿಲ್ಲ ಅಂದ್ರೆ, ಸ್ಟಾರ್ 72 ಒತ್ತಿದ್ರೆ ಫಾರ್ವರ್ಡ್ ಶುರು, ಸ್ಟಾರ್ 73ಕ್ಕೆ ರದ್ದು. ಸ್ಟಾರ್ 78 ಡಿಎನ್‌ಡಿಗೆ, ಸ್ಟಾರ್ 79 ಅದನ್ನ ತೆಗೆಯೋಕೆ. ಬೇರೆ ಸಿಸ್ಟಮ್‌ಗಳಲ್ಲಿ ಅಂಕಿ ಬೇರೆ. ಅಡ್ಮಿನ್ ಹತ್ರ ಒಂದು ಪುಟದ ಪಟ್ಟಿ ಇರುತ್ತೆ, ಕೇಳಿ ಇಸ್ಕೊಳ್ಳಿ. ಬೇರೆ ಯಾರೋ ಫೋನ್ ಮಾಡಿ 'ಈ ಕೋಡ್ ಒತ್ತಿ' ಅಂದ್ರೆ ಮಾತ್ರ ಒತ್ತಬೇಡಿ. ಮೊಬೈಲಿನಲ್ಲಿ ಸ್ಟಾರ್ 401ರಿಂದ ಶುರುವಾಗೋ ಕೋಡ್ ಒತ್ತಿಸಿ, ಜನರ ಕರೆಗಳನ್ನ ತಮ್ಮ ಕಡೆ ತಿರುಗಿಸಿಕೊಂಡು, ಒಟಿಪಿ ಕದಿಯೋ ವಂಚನೆ ಎಷ್ಟು ಹೆಚ್ಚಿತು ಅಂದ್ರೆ 2024ರ ಏಪ್ರಿಲ್ 15ರಿಂದ ಆ ಬಗೆಯ ಕೋಡ್ ಮೂಲಕ ಫಾರ್ವರ್ಡ್ ಮಾಡೋದನ್ನೇ ನಿಲ್ಲಿಸಿ ಅಂತ ದೂರಸಂಪರ್ಕ ಇಲಾಖೆ ಮೊಬೈಲ್ ಕಂಪನಿಗಳಿಗೆ ಹೇಳಬೇಕಾಯ್ತು.

ಈಗ ಖಾಲಿ ಬಟನ್‌ಗಳಿಗೆ ಬರೋಣ. ಯೀಲಿಂಕ್ ಫೋನ್ ಆದ್ರೆ ಖಾಲಿ ಬಟನ್ ಒಂದನ್ನ ಒತ್ತಿ ಹಿಡಿದುಕೊಳ್ಳಿ. ಸಾಮಾನ್ಯವಾಗಿ ಅದರ ಸೆಟ್ಟಿಂಗ್ ತೆರೆದುಕೊಳ್ಳುತ್ತೆ. ಬಗೆ, ನಂಬರು, ಹೆಸರು, ಮೂರನ್ನ ತುಂಬಿ ಸೇವ್ ಮಾಡಿದ್ರೆ ಆಯ್ತು. ಸಿಸ್ಕೊ ಫೋನಿನಲ್ಲಿ ಹೆಚ್ಚಾಗಿ ಬಟನ್‌ಗಳ ಬೀಗದಕೈ ಐಟಿಯವರ ಹತ್ರ, ಸ್ಪೀಡ್ ಡಯಲ್ ಮಾತ್ರ ಕೆಲವು ಕಡೆ ಬ್ರೌಸರ್‌ನಲ್ಲಿ ನಾವೇ ಹಾಕ್ಕೋಬಹುದು. ಹಳೇ ಪ್ಯಾನಸಾನಿಕ್ ಫೋನುಗಳು ಹಲವದರಲ್ಲಿ ಪ್ರೋಗ್ರಾಂ ಅಂತಲೇ ಒಂದು ಬಟನ್ ಇದೆ. ಅವುಗಳ ಇನ್ನೊಂದು ಸುಖ, ಪ್ಲಾಸ್ಟಿಕ್ ಕೆಳಗೆ ಕಾಗದದ ಪಟ್ಟಿ. ಪೆನ್ಸಿಲ್‌ನಲ್ಲಿ ಕನ್ನಡದಲ್ಲೇ ಬರ್ಕೋಬಹುದು.

ಏನನ್ನ ಹಾಕ್ಕೋಬೇಕು? ದಿನಾ ಮಾತಾಡೋ ನಾಲ್ಕು ಜನರಿಗೆ ಬಿಎಲ್‌ಎಫ್ ಅನ್ನೋ ಬಗೆಯ ಬಟನ್ ಹಾಕಿ. ಇದರ ದೀಪ ನೋಡಿದ್ರೆ ಅವರು ಮಾತಾಡ್ತಿದ್ದಾರಾ ಇಲ್ವಾ ಅಂತ ಗೊತ್ತಾಗುತ್ತೆ. ಸಾಮಾನ್ಯವಾಗಿ ಹಸಿರಿದ್ರೆ ಬಿಡುವು, ಕೆಂಪಿದ್ರೆ ಮಾತಲ್ಲಿದ್ದಾರೆ. ಮ್ಯಾನೇಜರ್ ಕ್ಯಾಬಿನ್‌ವರೆಗೆ ನಡೆದು ಹೋಗಿ ಗಾಜಿನಾಚೆ ಇಣುಕಿ ವಾಪಸ್ ಬರೋ ಕೆಲಸ ಉಳಿಯಿತು. ಇನ್ನೊಂದು ಬಟನ್ ಪಿಕಪ್‌ಗೆ ಇರ್ಲಿ. ಪಕ್ಕದ ಸೀಟಿನವರು ಎದ್ದು ಹೋದಾಗ ಅವರ ಫೋನ್ ಬಡ್ಕೊಳ್ತಿದ್ರೆ ನಿಮ್ಮ ಟೇಬಲ್‌ನಿಂದಲೇ ಎತ್ಕೋಬಹುದು. ಹೆಸರು ಹಾಕುವಾಗ ವ್ಯಕ್ತಿಯ ಹೆಸರಿಗಿಂತ ಕೆಲಸದ ಹೆಸರು ವಾಸಿ: ಸಂಬಳ, ಸ್ಟೋರ್ಸ್, ಸೆಕ್ಯುರಿಟಿ. ಜನ ಬದಲಾಗ್ತಾರೆ, ಸ್ಟೋರ್ಸ್ ಎಲ್ಲಿಗೆ ಹೋಗುತ್ತೆ?

ಸ್ಪೀಡ್ ಡಯಲ್‌ಗೆ ಮೊಬೈಲ್ ನಂಬರ್ ಹಾಕುವಾಗ ಒಂದು ಸೂಕ್ಷ್ಮ ಇದೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲಿಗೆ ಮಾಡಬೇಕಾದ್ರೆ ಮುಂದೆ 0 ಸೇರಿಸಬೇಕು. ಆಫೀಸಿನ ಫೋನಾದ್ರೆ ಹೊರಗಿನ ಲೈನ್ ಸಿಗೋಕೆ ಬೇರೆ 0 ಅಥವಾ 9. ಅಂದ್ರೆ ಮೊದಲು ಲೈನಿನ ಅಂಕಿ, ಆಮೇಲೆ ಸೊನ್ನೆ, ಆಮೇಲೆ ಹತ್ತಂಕಿಯ ನಂಬರ್. 'ಸ್ಪೀಡ್ ಡಯಲ್ ಕೆಲಸ ಮಾಡಲ್ಲ' ಅಂತ ನನ್ನ ಹತ್ರ ಬರೋ ಬಹುಪಾಲು ದೂರುಗಳ ಮೂಲ ಈ ಸೊನ್ನೆ. ಕೆಲವು ಆಫೀಸುಗಳಲ್ಲಿ ಸಿಸ್ಟಮ್ಮೇ ಅದನ್ನ ಸೇರಿಸ್ಕೊಳ್ಳುತ್ತೆ, ಕೇಳಿ ನೋಡಿ.

ಸೊನ್ನೆಯ ಮಾತು ಬಂತಲ್ಲ, ಇದನ್ನ ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಸ್‌ನ ಮಾರ್ಷಲ್ ಅನ್ನೋ ಊರಿನ ಒಂದು ಹೋಟೆಲ್ ಕೋಣೆಯಲ್ಲಿ ಒಬ್ಬ ತಾಯಿಯ ಮೇಲೆ ಕೊಲೆಗಾರನ ದಾಳಿಯಾಯ್ತು. ಒಂಬತ್ತು ವರ್ಷದ ಮಗಳು ಕೋಣೆಯ ಫೋನಿಂದ 911ಕ್ಕೆ ನಾಲ್ಕು ಸಲ ಕರೆ ಮಾಡಿದಳು. ಅಮ್ಮ ಕಲಿಸಿದ ಹಾಗೇ ಮಾಡಿದಳು. ಕರೆ ಹೋಗಲೇ ಇಲ್ಲ, ಯಾಕಂದ್ರೆ ಆ ಹೋಟೆಲಿನ ಫೋನಲ್ಲಿ ಹೊರಗೆ ಹೋಗೋಕೆ ಮೊದಲು 9 ಒತ್ತಬೇಕಿತ್ತು. ತಾಯಿ ಉಳಿಯಲಿಲ್ಲ. ಆ ತಾಯಿಯ ಹೆಸರಿನಲ್ಲೇ 2018ರಲ್ಲಿ ಕ್ಯಾರೀಸ್ ಲಾ ಅನ್ನೋ ಕಾನೂನು ಬಂತು. 2020ರ ಫೆಬ್ರವರಿ 16ರ ನಂತರ ಅಲ್ಲಿ ಹಾಕೋ ಇಂಥ ಫೋನ್ ವ್ಯವಸ್ಥೆಗಳಲ್ಲಿ ಯಾವ ಅಂಕಿಯನ್ನೂ ಮುಂದೆ ಸೇರಿಸದೆ ನೇರವಾಗಿ 911 ಹೋಗಲೇಬೇಕು.

ನಮ್ಮಲ್ಲಿ ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಎಲ್ಲದಕ್ಕೂ 112. ನಿಮ್ಮ ಟೇಬಲ್‌ನ ಫೋನಿಂದ 112 ನೇರವಾಗಿ ಹೋಗುತ್ತಾ, ಇಲ್ಲ ಮುಂದೆ ಸೊನ್ನೆ ಬೇಕಾ? ಪರೀಕ್ಷೆಗೆ ಅಂತ ಅಲ್ಲಿಗೆ ಕರೆ ಮಾಡಬೇಡಿ, ನಿಜವಾಗಿ ಕಷ್ಟದಲ್ಲಿರೋರ ಸಾಲು ಅದು. ಐಟಿಯವರನ್ನ ಅಥವಾ ಅಡ್ಮಿನ್‌ನವರನ್ನ ಕೇಳಿ. ಸೊನ್ನೆ ಬೇಕು ಅಂದ್ರೆ ಸೊನ್ನೆ ಸಮೇತ ಒಂದು ಬಟನ್‌ಗೆ ಹಾಕಿಡಿ, ಅದರ ಪಕ್ಕ ಆಫೀಸಿನ ಸೆಕ್ಯುರಿಟಿ ನಂಬರ್ ಇರ್ಲಿ. ಪಕ್ಕದವರು ಎದೆ ಹಿಡ್ಕೊಂಡು ಕೂತಾಗ ನಿಮ್ಮ ಕೈಗೆ ಲೆಕ್ಕ ನೆನಪಿರಲ್ಲ. ಐಪಿ ಫೋನ್ ಆದ್ರೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ ಕೇಳಿ. ಇವುಗಳಲ್ಲಿ ಬಹಳಷ್ಟಕ್ಕೆ ಕರೆಂಟ್ ಬರೋದು ನೆಟ್‌ವರ್ಕ್ ಕೇಬಲ್‌ನಿಂದಲೇ. ಆ ಕೇಬಲ್‌ನ ಇನ್ನೊಂದು ತುದಿಯಲ್ಲಿರೋ ಸ್ವಿಚ್‌ಗೆ ಯುಪಿಎಸ್ ಇಲ್ಲ ಅಂದ್ರೆ ಕರೆಂಟ್ ಹೋದಾಗ ಇಡೀ ಮಹಡಿಯ ಫೋನು ಸತ್ತಿರುತ್ತೆ.

ಸಣ್ಣಪುಟ್ಟವು ಕೆಲವು ಇವೆ. ರಿಂಗ್‌ಟೋನ್ ಪಕ್ಕದವರದ್ದಕ್ಕಿಂತ ಬೇರೆ ಇಟ್ಕೊಳ್ಳಿ; ಒಂದೇ ಸದ್ದಿಗೆ ನಾಲ್ಕು ಜನ ಕೈ ಚಾಚೋದು ನೋಡೋಕೆ ತಮಾಷೆ, ದಿನಾ ಆದ್ರೆ ಬೇಜಾರು. ಆ ಕಡೆಯ ಮಾತು ಸಣ್ಣಗೆ ಕೇಳಿಸ್ತಿದ್ರೆ ವಾಲ್ಯೂಮ್ ಬಟನ್ ಒತ್ತಬೇಕಾದ್ದು ಮಾತಾಡ್ತಿರೋವಾಗ. ಫೋನ್ ಸುಮ್ಮನಿದ್ದಾಗ ಒತ್ತಿದ್ರೆ ಜಾಸ್ತಿಯಾಗೋದು ರಿಂಗಿನ ಸದ್ದು. ಡಿಎನ್‌ಡಿ ಬಗ್ಗೆ ನನಗೆ ತಕರಾರಿಲ್ಲ, ತಲೆ ಬಗ್ಗಿಸಿ ಕೆಲಸ ಮಾಡೋಕೆ ಒಂದು ಗಂಟೆ ಬೇಕೇ ಬೇಕು. ಆದ್ರೆ ಹಾಕುವಾಗಲೇ ಮೊಬೈಲಿನಲ್ಲಿ ಒಂದು ಗಂಟೆಗೆ ಅಲಾರಂ ಇಡಿ. ಡಿಎನ್‌ಡಿ ತಾನಾಗೇ ಎದ್ದು ಹೋಗೋ ನೆಂಟ ಅಲ್ಲ.

ಟ್ರಾನ್ಸ್‌ಫರ್ ವಿಷಯದಲ್ಲಿ ಮಾತ್ರ ರಿಸೆಪ್ಷನ್‌ನವರ ಪರವಾಗಿ ಒಂದು ವಿನಂತಿ. ಇದರಲ್ಲಿ ಎರಡು ವಿಧ. ಆ ಕಡೆಯವರು ಎತ್ತೋ ಮೊದಲೇ ದಬ್ಬಿಬಿಡೋದು ಒಂದು. ಆ ಕಡೆಯವರು ಎತ್ತಿದ ಮೇಲೆ 'ತಿಪಟೂರಿಂದ ಒಬ್ಬ ಹಿರಿಯರು ಮಾತಾಡ್ತಿದ್ದಾರೆ, ಬಿಲ್ ಎರಡು ಸಲ ಕಟ್ ಆಗಿದೆಯಂತೆ' ಅಂತ ಹೇಳಿ ಆಮೇಲೆ ಜೋಡಿಸೋದು ಇನ್ನೊಂದು. ಎರಡಕ್ಕೂ ಇರೋ ವ್ಯತ್ಯಾಸ ಹತ್ತು ಸೆಕೆಂಡ್. ಮೊದಲನೇದನ್ನೇ ಎಲ್ಲರೂ ಮಾಡಿದ್ರೆ ಆ ಹಿರಿಯರು ಅದೇ ಕಥೆಯನ್ನ ನಾಲ್ಕು ಜನರಿಗೆ ಮೊದಲಿಂದ ಹೇಳ್ತಾರೆ, ಐದನೇ ಸಲ ಲೈನ್ ಕಟ್ಟಾಗಿ ಮತ್ತೆ ರಿಸೆಪ್ಷನ್‌ಗೆ ಬರ್ತಾರೆ. ಅಷ್ಟೊತ್ತಿಗೆ ಅವರ ದನಿ ನಡುಗ್ತಿರುತ್ತೆ. ನಾನು ಕೇಳಿದೀನಿ.

ಇನ್ನು ಕೆಲಸ ಬಿಡೋ ದಿನ. ಲ್ಯಾಪ್‌ಟಾಪ್ ವಾಪಸ್ ಕೊಟ್ಟಿದ್ದಕ್ಕೆ ಸಹಿ ತಗೋತಾರೆ, ಐಡಿ ಕಾರ್ಡ್‌ಗೂ ತಗೋತಾರೆ. ಡೆಸ್ಕ್ ಫೋನಿನ ಬಗ್ಗೆ ಅವತ್ತೂ ಯಾರೂ ಕೇಳಲ್ಲ. ಫಾರ್ವರ್ಡ್, ಡಿಎನ್‌ಡಿ ಎರಡನ್ನೂ ತೆಗೀರಿ. ಕಾಲ್ ಹಿಸ್ಟರಿ ಅಳಿಸಿ. ನೀವು ಆಸ್ಪತ್ರೆಗೆ ಮಾಡಿದ್ದು, ಬೇರೆ ಕಂಪನಿಯ ಎಚ್‌ಆರ್‌ಗೆ ಮಾಡಿದ್ದು ಎಲ್ಲ ಅದರಲ್ಲೇ ಇರುತ್ತೆ, ರೀಡಯಲ್ ಒತ್ತಿದ್ರೆ ಕೊನೆಯದ್ದು ಯಾರಿಗೆ ಅಂತ ಮುಂದಿನವರಿಗೆ ಗೊತ್ತಾಗುತ್ತೆ. ವಾಯ್ಸ್‌ಮೇಲ್‌ನಲ್ಲಿ ನಿಮ್ಮ ದನಿಯ ಶುಭಾಶಯ ಇದ್ರೆ ಅದನ್ನೂ ತೆಗೆಯೋದು. ಮನೆ ನಂಬರ್, ಪಿಜಿ ಓನರ್ ನಂಬರ್ ಹಾಕಿಟ್ಟ ಬಟನ್‌ಗಳನ್ನ ಖಾಲಿ ಮಾಡಿ. ಸ್ಟೋರ್ಸ್, ಸಂಬಳ, ಸೆಕ್ಯುರಿಟಿ, 112 ಮಾತ್ರ ಹಾಗೇ ಇರ್ಲಿ ಬಿಡಿ, ಮುಂದೆ ಬರೋರಿಗೆ ಬೇಕಾಗುತ್ತೆ.