ಮಣ ಅಂದರೆ ಎಷ್ಟು ಕಿಲೋ? ಕೇಳದೆ ಮಾರಬೇಡಿ



ಮನೆ ಬಾಗಿಲಿಗೆ ಬಂದ ವ್ಯಾಪಾರಿ "ಮಣಕ್ಕೆ ಸಾವಿರ" ಅಂದರೆ ನೀವು ಏನು ಕೇಳುತ್ತೀರಿ? ಇನ್ನೊಂದು ಐವತ್ತು ಹೆಚ್ಚು ಮಾಡು ಅಂತ ಚೌಕಾಸಿಗೆ ಕೂಡುತ್ತೀರಿ. ನಾನೂ ಅದನ್ನೇ ಮಾಡಿದೆ. ಕೇಳಲೇಬೇಕಾದ ಮಾತನ್ನು ಮಾತ್ರ ಕೇಳಲಿಲ್ಲ: ನಿನ್ನ ಮಣ ಎಷ್ಟು ಕಿಲೋದ್ದು?

ಕೂಡ್ಲಿಗಿ ಸೀಮೆಯವನು ನಾನು. ಬದುವಿನ ಹುಣಸೆ ಮರಗಳಿಂದ ಬೀಜ ತೆಗೆದ ಹಣ್ಣು ಆರು ಕ್ವಿಂಟಲ್ ಆಗಿತ್ತು. ಪೇಟೆಯಲ್ಲಿ ಕ್ವಿಂಟಲಿಗೆ 8,800 ರೂಪಾಯಿ ನಡೆದಿತ್ತು. ನಮ್ಮಪ್ಪ ನನಗೆ ಕಲಿಸಿದ ಮಣ 25 ಪೌಂಡಿನದು, ಅಂದರೆ 11 ಕಿಲೋ 340 ಗ್ರಾಂ. ಆ ಲೆಕ್ಕಕ್ಕೆ ಮಣಕ್ಕೆ ಸಾವಿರ ಅಂದರೆ ಕ್ವಿಂಟಲಿಗೆ 8,818 ಬೀಳುತ್ತದೆ. ಪೇಟೆ ದರವೇ ಮನೆಗೆ ಬಂತು, ಗಾಡಿ ಬಾಡಿಗೆ ಉಳೀತು ಅಂತ ಖುಷಿಯಿಂದ ತೂಗಿಸಿದೆ. ಕಡೆಗೆ ಲೆಕ್ಕದ ಚೀಟಿ ನೋಡಿದರೆ ಐವತ್ತೇ ಮಣ! "ಏನ್ರಿ ಸಾವ್ಕಾರ್ರೆ, ಇದು ಹೆಂಗ?" ಅಂದೆ. "ಯಜಮಾನ್ರೆ, ನಮ್ಮ ಕಡೆ ಮಣ ಅಂದ್ರ ಹನ್ನೆರಡು ಕಿಲೋ" ಅಂದ. ನನ್ನ ಲೆಕ್ಕದಲ್ಲಿ 52,910 ಬರಬೇಕಿತ್ತು, ಕೈಗೆ ಬಂದದ್ದು 50,000. ಐವತ್ತು ಸಾವಿರ ಕೈಸಾಲಕ್ಕೆ ನೂರಕ್ಕೆ ಎರಡರಂತೆ ತಿಂಗಳಿಗೆ ಸಾವಿರ ಬಡ್ಡಿ ಕಟ್ಟುವವನು ನಾನು. ಸುಮಾರು ಮೂರು ತಿಂಗಳ ಬಡ್ಡಿ ಒಂದು ಶಬ್ದದಲ್ಲಿ ಹೋಯಿತು.

ತಕ್ಕಡಿ ಸುಳ್ಳು ಹೇಳಲಿಲ್ಲ. ಸುಳ್ಳು ಇದ್ದದ್ದು ಮಾತಿನಲ್ಲಿ.

ನಮ್ಮ ಸೀಮೆಗೆ ಈ ಗೋಳು ಯಾಕೆ? ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಮದ್ರಾಸಿನ ಮಣ 25 ಪೌಂಡು. ಹಡಗಲಿಯವರು ಹೊಳೆ ದಾಟಿ ಮುಂಡರಗಿಗೆ, ಗದಗಿಗೆ ಹೋದರೆ ಅದು ಮುಂಬಯಿ ಪ್ರಾಂತ. ಮುಂಬಯಿ ಮಣ 28 ಪೌಂಡು, 12 ಕಿಲೋ 700 ಗ್ರಾಂ. ಸರ್ಕಾರದ, ರೈಲಿನ ಮಣವೋ 40 ಸೇರಿನದು, 37 ಕಿಲೋ 324 ಗ್ರಾಂ. ಹೆಸರು ಒಂದೇ, ತೂಕ ಮೂರು. ಸೇರಿನದೂ ಅದೇ ಕಥೆ. 80 ತೊಲದ ಪಕ್ಕಾ ಸೇರು 933 ಗ್ರಾಂ, 24 ತೊಲದ ಕಚ್ಚಾ ಸೇರು 280 ಗ್ರಾಂ. ಜೋಳ ಅಳೆಯುವ ಸೇರು ಇವೆರಡೂ ಅಲ್ಲ. ಅದರಲ್ಲಿ ತಲೆ ಸವರಿ ಕೊಡುವವನೊಬ್ಬ, ರಾಶಿ ಏರಿಸಿ ತಗೊಳ್ಳುವವನೊಬ್ಬ. ಕಾಳಿನ ಸಾಲ ತಂದು ತೀರಿಸಿದ ನಮ್ಮ ಹಿರಿಯರನ್ನು ಕೇಳಿ ನೋಡಿ.

1956ರ ಕಾಯಿದೆಯಿಂದ ದೇಶಕ್ಕೆಲ್ಲ ಒಂದೇ ತೂಕ ಅಂತಾಯಿತು. 1962ರ ಏಪ್ರಿಲ್ 1ರಿಂದ ಕಿಲೋ ತೂಕ ಕಡ್ಡಾಯವಾಯಿತು. ಒಳ್ಳೆಯದೇ ಆಯಿತು. ಆದರೆ ಲೆಕ್ಕ ನೋಡಿ: ಪಕ್ಕಾ ಸೇರಿನ ದರಕ್ಕೇ ಕಿಲೋ ಕೊಟ್ಟವನು ಕಿಲೋಕ್ಕೆ 67 ಗ್ರಾಂ ಬಿಟ್ಟಿ ಕೊಟ್ಟಂತೆ. ಕ್ವಿಂಟಲಿಗೆ ಆರೂಮುಕ್ಕಾಲು ಕಿಲೋಕ್ಕೆ ಸ್ವಲ್ಪ ಕಡಿಮೆ. ಅಳತೆ ಬದಲಾದಾಗ ದರವನ್ನೂ ಬದಲಿಸಿ ಹೇಳದಿದ್ದರೆ ನಡುವಿನ ಕಾಳು ಲೆಕ್ಕ ಬಲ್ಲವನ ಚೀಲಕ್ಕೇ ಬೀಳುತ್ತದೆ.

ಅದೆಲ್ಲ ಹಳೇ ಮಾತು ಅನ್ನುತ್ತೀರಾ? ಹಾಗಾದರೆ ಹತ್ತಿ ಬೆಳೆದವರು ಪೇಪರು ತೆಗೆದು ನೋಡಿ. ಅರಳೆಯ ದರ ಇವತ್ತಿಗೂ ಖಂಡಿ ಲೆಕ್ಕದಲ್ಲಿ ಬರುತ್ತದೆ. ಈ ಖಂಡಿ ಅಂದರೆ ಮುಂಬಯಿಯ 28 ಮಣ, 784 ಪೌಂಡು, 355 ಕಿಲೋ 620 ಗ್ರಾಂ. ಮದ್ರಾಸಿನ ಖಂಡಿ 500 ಪೌಂಡಿನದು, ಅದು ಬೇರೆ. ನ್ಯೂಯಾರ್ಕಿನ ಹತ್ತಿ ಪೇಟೆಯಲ್ಲಿ ಪೌಂಡಿಗೆ ಇಷ್ಟು ಸೆಂಟ್ ಅನ್ನುತ್ತಾರೆ. ನಾವು ಮಾರುವುದು ಬೀಜದ ಹತ್ತಿ, ಅದೂ ಕ್ವಿಂಟಲ್ ಲೆಕ್ಕದಲ್ಲಿ. ಮೂರಕ್ಕೂ ತಾಳೆ ಹಾಕಿ ಹೇಳುವವರು ಯಾರು?

ನಾವೇ ಹಾಕೋಣ. ಉದಾಹರಣೆಗೆ ಖಂಡಿಗೆ 56,000 ಅಂತಿಟ್ಟುಕೊಳ್ಳಿ. 355.62ರಿಂದ ಭಾಗಿಸಿದರೆ ಅರಳೆ ಕಿಲೋಕ್ಕೆ 157 ರೂಪಾಯಿ 47 ಪೈಸೆ. ಒಂದು ಕ್ವಿಂಟಲ್ ಹತ್ತಿಯಲ್ಲಿ ಹೆಚ್ಚೂಕಡಿಮೆ 34 ಕಿಲೋ ಅರಳೆ ಬಂದರೆ ಅರಳೆಯಿಂದಲೇ 5,354 ರೂಪಾಯಿ. ಅದಕ್ಕೆ ಹತ್ತಿಕಾಳಿನ ಬೆಲೆ ಕೂಡಿಸಿ, ಜಿನ್ನಿಂಗ್ ಖರ್ಚು ಕಳೆಯಿರಿ. ಬಂದ ಮೊತ್ತವನ್ನು ಖರೀದಿದಾರ ಕೂಗಿದ ದರದ ಪಕ್ಕ ಇಟ್ಟು ನೋಡಿ. ಹೈಸ್ಕೂಲು ಮೆಟ್ಟಿಲು ಹತ್ತಿದ ಮಗನೋ ಮಗಳೋ ಮನೆಯಲ್ಲಿದ್ದರೆ ಐದು ನಿಮಿಷದ ಕೆಲಸ.

ಕೆಲವರು ಅನ್ನಬಹುದು: ಮಣ, ಸೇರು ನಮ್ಮ ಹಿರಿಯರವು, ಕಿಲೋ ಸರ್ಕಾರದ್ದು. ಮಣ ಅನ್ನುವ ಹೆಸರು ಹಿರಿಯರದೇ ಇರಬಹುದು. ಆದರೆ 25 ಪೌಂಡಿಗೆ ಸರಿಯಾಗಿ ಅದನ್ನು ಕೂಡಿಸಿದವರು ಇಂಗ್ಲಿಷರು, ತಮ್ಮ ವ್ಯಾಪಾರಕ್ಕೆ. ಅದಕ್ಕೆ ಅಭಿಮಾನ ಯಾಕೆ? ಮನೆಯಲ್ಲಿ ಸೇರು ಅನ್ನಿ, ಪಾವು ಅನ್ನಿ, ಬೇಡ ಅನ್ನುವವರಿಲ್ಲ. ಮಾರುವ ಹೊತ್ತಿಗೆ ಮಾತ್ರ ಕಿಲೋ.

ಕಾಯಿದೆಯೂ ನಮ್ಮ ಕಡೆಗಿದೆ. 2009ರಲ್ಲಿ ಆಗಿ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾನೂನು ಮಾಪನಶಾಸ್ತ್ರ ಕಾಯಿದೆಯ ಪ್ರಕಾರ ವ್ಯಾಪಾರದಲ್ಲಿ ಕಿಲೋ ತೂಕ ಬಿಟ್ಟು ಬೇರೆ ಲೆಕ್ಕದಲ್ಲಿ ದರ ಹೇಳುವಂತಿಲ್ಲ, ಬಿಲ್ಲು ಬರೆಯುವಂತಿಲ್ಲ. ಅಂದರೆ "ಮಣಕ್ಕೆ ಇಷ್ಟು" ಅನ್ನುವುದೇ ತಪ್ಪು. ತಪ್ಪು ಅಂತ ಹೇಳಬೇಕಾದವರು ಯಾರು? ಇಲಾಖೆ ಬರಲಿ ಅಂತ ಕಾದರೆ ಸುಗ್ಗಿ ಮುಗಿದಿರುತ್ತದೆ.

ಆದ್ದರಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಬಾಂಧವರೇ, 2021ರಿಂದ ನಾವೆಲ್ಲ ಒಂದೇ ವಿಜಯನಗರ ಜಿಲ್ಲೆಯವರು. ಒಂದೇ ಮಾತು ಆಡೋಣ. ತೂಗುವ ಮೊದಲೇ ದರವನ್ನು ಕ್ವಿಂಟಲಿಗೆ ಇಷ್ಟು ಅಂತ ಬಾಯಿಬಿಟ್ಟು ಹೇಳಿಸಿ. ಚೀಟಿಯಲ್ಲಿ ಕಿಲೋ ಬರೆಸಿ, ಬರೆಯದ ಚೀಟಿಗೆ ಸಹಿ ಹಾಕಬೇಡಿ. ಪ್ರತಿ ಮಾರುಕಟ್ಟೆ ಪ್ರಾಂಗಣದಲ್ಲೂ ಮಣ, ಖಂಡಿ, ಪೌಂಡು ಎಷ್ಟೆಷ್ಟು ಕಿಲೋ ಅಂತ ದೊಡ್ಡ ಅಕ್ಷರದ ಕನ್ನಡ ಬೋರ್ಡು ಹಾಕಿ ಅಂತ ಸಮಿತಿಯವರನ್ನು ಕೇಳಿ. ಒಬ್ಬರೇ ಕೇಳಿದರೆ ನಗುತ್ತಾರೆ, ಊರಿಗೆ ಹತ್ತು ಮಂದಿ ಹೋಗಿ ಕೇಳಿ.

ಮಳೆ ನಮ್ಮ ಕೈಯಲ್ಲಿಲ್ಲ, ದರ ನಮ್ಮ ಕೈಯಲ್ಲಿಲ್ಲ. ಎಷ್ಟು ಕೊಟ್ಟೆವು ಅನ್ನುವ ಲೆಕ್ಕವಾದರೂ ನಮ್ಮ ಕೈಯಲ್ಲಿರಲಿ.